ಠಾಣೆಗೆ ಬಂದವರು ಬರಿಗೈಯಲ್ಲಿ ಹೋಗಬಾರದು

ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವವರಲ್ಲಿ ಹೆಚ್ಚಿನವರು ಕೊಲೆ, ದರೋಡೆಯ ದೂರು ತರುವವರಲ್ಲ. ಬದುವಿನ ಕಲ್ಲು ಕಿತ್ತ ಜಗಳ, ವಾಪಸ್ ಬಾರದ ಕೈಸಾಲ, ಕಳೆದುಹೋದ ಮೊಬೈಲು, ಕುಡಿದು ಬಂದು ಹೊಡೆಯುವ ಗಂಡ, ಹೇಳದೆ ಕೇಳದೆ ಮನೆ ಬಿಟ್ಟ ಮಗ, ಇಂಥವೇ ಜಾಸ್ತಿ. ಇವುಗಳಲ್ಲಿ ಎಷ್ಟೋ ವಿಷಯಗಳಲ್ಲಿ ಕಾನೂನು ನಮಗೆ ಕೊಟ್ಟಿರುವ ಅಧಿಕಾರ ಬಹಳ ಸಣ್ಣದು. ಆದರೂ ಊರಿನವರು ಠಾಣೆಯ ಬಗ್ಗೆ ಏನು ಮಾತಾಡಿಕೊಳ್ಳುತ್ತಾರೆ ಅನ್ನುವುದು ತೀರ್ಮಾನವಾಗುವುದು ಈ ಜನ ಹೊರಗೆ ಹೋಗಿ ಹೇಳುವ ಮಾತಿನಿಂದಲೇ. ಅದಕ್ಕೇ ಠಾಣೆಯ ಹೊಣೆ ಹೊತ್ತಾಗ ನಾನು ಕೈ ಹಾಕಿದ್ದು ಮೊದಲು ಮುಂದಿನ ಟೇಬಲ್ಲಿಗೆ, ಆಮೇಲೆ ಕ್ರೈಂ ವಿಭಾಗಕ್ಕೆ.

ಇಟ್ಟುಕೊಂಡ ನಿಯಮ ಒಂದೇ. ದೂರು ಹೇಳಲು ಬಂದವರು ಯಾರೇ ಆಗಲಿ, ಹೋಗುವಾಗ ಕೈಯಲ್ಲಿ ಒಂದು ಕಾಗದ ಇರಬೇಕು. ಅದರಲ್ಲಿ ನಂಬರ್, ತಾರೀಖು, ವಿಷಯ ನೋಡುವ ಸಿಬ್ಬಂದಿಯ ಹೆಸರು, ಮತ್ತೆ ಯಾವ ದಿನ ನಾವೇ ಫೋನ್ ಮಾಡುತ್ತೇವೆ ಅನ್ನುವುದು ಇರಬೇಕು.

ಕಾಗದ ನಾಲ್ಕು ಬಗೆಯದು. ಸಂಜ್ಞೇಯ ಅಪರಾಧವಾದರೆ, ಅಂದರೆ ನ್ಯಾಯಾಲಯದ ಅಪ್ಪಣೆಗೆ ಕಾಯದೆ ಪೊಲೀಸರೇ ತನಿಖೆ ಮಾಡಬಹುದಾದದ್ದಾದರೆ, ಎಫ್‌ಐಆರ್ ಪ್ರತಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಇದು ಉಚಿತ, ಜೆರಾಕ್ಸ್ ಕಾಸೂ ಕೇಳುವಂತಿಲ್ಲ. ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡರೆ ಓದಿ ಹೇಳಿಯೇ ಸಹಿ ಹಾಕಿಸಬೇಕು. ಘಟನೆ ಬೇರೆ ಠಾಣೆಯ ಸರಹದ್ದಿನದಾದರೂ ದೂರು ತೆಗೆದುಕೊಂಡು ಝೀರೋ ನಂಬರಿನಲ್ಲಿ ದಾಖಲಿಸಿ ಆ ಠಾಣೆಗೆ ಕಳಿಸಬೇಕು. ಅಸಂಜ್ಞೇಯವಾದರೆ ಎನ್‌ಸಿಆರ್, ಅಂದರೆ ಅಸಂಜ್ಞೇಯ ಅಪರಾಧದ ವರದಿಯ ಪ್ರತಿ. ನ್ಯಾಯಾಲಯದ ಅಪ್ಪಣೆ ಇಲ್ಲದೆ ನಾವು ತನಿಖೆ ಮಾಡುವಂತಿಲ್ಲ ಅನ್ನುವುದನ್ನು ಅವರಿಗೆ ಅರ್ಥವಾಗುವ ಹಾಗೆ ಹೇಳಬೇಕು. ಯಾವುದೆಂದು ತಕ್ಷಣ ಹೇಳಲಾಗದಿದ್ದರೆ ಅರ್ಜಿ ಸ್ವೀಕೃತಿ. ನಮ್ಮ ವ್ಯಾಪ್ತಿಗೇ ಬರುವುದಿಲ್ಲ ಎಂದಾದರೆ ಹಿಂಬರಹ, ಅಂದರೆ ಅರ್ಜಿಗೆ ಕೊಡುವ ಲಿಖಿತ ಉತ್ತರ.

ಠಾಣೆಯ ಹೆಸರು ಕೆಡುವುದು ಬಹುಮಟ್ಟಿಗೆ ಈ ಹಿಂಬರಹದಲ್ಲಿ. ಅದಕ್ಕೇ ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ. ಎಲ್ಲಾ ಠಾಣೆಗಳ ಕಂಪ್ಯೂಟರಿನಲ್ಲೂ ಒಂದು ರೆಡಿ ಸಾಲು ಇರುತ್ತದೆ: "ಸದರಿ ವಿಷಯವು ಸಿವಿಲ್ ಸ್ವರೂಪದ್ದಾಗಿರುವುದರಿಂದ ಅರ್ಜಿದಾರರು ಮಾನ್ಯ ನ್ಯಾಯಾಲಯದಲ್ಲಿ ಪರಿಹರಿಸಿಕೊಳ್ಳಲು ಸೂಚಿಸಿ ಹಿಂಬರಹ ನೀಡಿದೆ." ಕಾನೂನಿನ ದೃಷ್ಟಿಯಲ್ಲಿ ತಪ್ಪಿಲ್ಲ. ಆದರೆ ಬದುವಿನ ಜಗಳಕ್ಕೆ ಬಂದ ರೈತನಿಗೆ ಇದು "ಹೋಗಯ್ಯಾ" ಅಂದ ಹಾಗೆಯೇ ಕೇಳುತ್ತದೆ. ನಾವು ಆ ಸಾಲನ್ನು ಅಳಿಸಿ ನಾಲ್ಕಾರು ವಾಕ್ಯ ಬರೆಯುವ ಪದ್ಧತಿ ಮಾಡಿದೆವು. ನೀವು ಹೇಳಿದ್ದು ಇದು. ನಾವು ಇಂಥ ದಿನ ಎದುರುದಾರರನ್ನು ಕರೆಸಿ ಕೇಳಿದೆವು, ಅವರು ಹೇಳಿದ್ದು ಇದು. ಜಮೀನಿನ ಗಡಿ ಗುರುತಿಸುವ ಅಧಿಕಾರ ಪೊಲೀಸರಿಗಿಲ್ಲ. ಸರ್ವೆ ಇಲಾಖೆಗೆ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು, ಅರ್ಜಿ ಹಾಕಿ. ವಕೀಲರನ್ನು ಇಡಲು ಶಕ್ತಿ ಇಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಅಥವಾ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ವರಮಾನ ನೋಡದೆ ಉಚಿತ ನೆರವು ಸಿಗುತ್ತದೆ. ಕೊನೆಗೆ ಇನ್ನೊಂದು ಸಾಲು ಸೇರಿಸುತ್ತೇವೆ: ಈ ನಡುವೆ ಹೊಡೆದಾಟ, ಬೆದರಿಕೆ ಏನಾದರೂ ಆದರೆ ತಕ್ಷಣ 112ಕ್ಕೆ ಕರೆ ಮಾಡಿ, ಈ ಅರ್ಜಿ ನಂಬರ್ ಹೇಳಿ.

ಹೀಗೆ ಬರೆಯಲು ಹತ್ತು ನಿಮಿಷ ಹಿಡಿಯುತ್ತದೆ. ಠಾಣೆಯ ಬರವಣಿಗೆ ನೋಡುವ ರೈಟರ್ ಗೊಣಗುವುದು ಸಹಜ. ಆದರೆ ಅದೇ ಅರ್ಜಿದಾರರು ಮೇಲಧಿಕಾರಿಗಳ ಕಚೇರಿಗೆ ಹೋಗಿ, ಅಲ್ಲಿಂದ ವರದಿ ಕೇಳಿ ಪತ್ರ ಬಂದು, ನಾವು ಉತ್ತರ ಬರೆಯುವ ಹೊತ್ತಿಗೆ ಅರ್ಧ ದಿನ ಹೋಗಿರುತ್ತದೆ. ಲೆಕ್ಕ ಹಾಕಿ ತೋರಿಸಿದ ಮೇಲೆ ಗೊಣಗಾಟ ನಿಲ್ಲುತ್ತದೆ.

ಶಿಕಾಗೋ ನಗರದ ನಿವಾಸಿಗಳನ್ನು ಮಾತಾಡಿಸಿ 1980ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಟಾಮ್ ಟೈಲರ್ ಕಂಡುಕೊಂಡದ್ದೂ ಇದನ್ನೇ. ತೀರ್ಪು ತಮ್ಮ ಪರ ಬಂತೋ ಇಲ್ಲವೋ ಅನ್ನುವುದಕ್ಕಿಂತ, ತಮ್ಮ ಮಾತು ಕೇಳಿದರೇ, ಪಕ್ಷಪಾತ ಮಾಡದೆ ನಡೆದುಕೊಂಡರೇ, ಮರ್ಯಾದೆ ಕೊಟ್ಟರೇ ಅನ್ನುವುದನ್ನು ಜನ ಹೆಚ್ಚು ನೋಡುತ್ತಾರೆ. ಟ್ರೈನಿಂಗಿನಲ್ಲಿ ಇದನ್ನು ಪಾಠವಾಗಿ ಹೇಳಿದರೆ ಸಿಬ್ಬಂದಿಗೆ ತಟ್ಟುವುದಿಲ್ಲ. ಎರಡು ಹಿಂಬರಹಗಳನ್ನು ಅಕ್ಕಪಕ್ಕ ಇಟ್ಟು ಓದಿಸಿದರೆ ತಟ್ಟುತ್ತದೆ.

ಕಾಗದ ಕೊಡುವುದರಿಂದ ಇನ್ನೊಂದು ಕೆಲಸ ಆಗುತ್ತದೆ, ನನ್ನ ದೃಷ್ಟಿಯಲ್ಲಿ ಇದೇ ದೊಡ್ಡದು. ಎಲ್ಲಾ ಠಾಣೆಯ ಸುತ್ತಲೂ "ನಾನು ಸಾಹೇಬರಿಗೆ ಹೇಳಿ ಮಾಡಿಸುತ್ತೇನೆ" ಅನ್ನುವ ನಾಲ್ಕಾರು ಜನ ಇರುತ್ತಾರೆ. ಮುಂದೇನು ಅಂತ ಗೊತ್ತಿಲ್ಲದ ದೂರುದಾರರ ಅಂಜಿಕೆಯೇ ಅವರ ಬಂಡವಾಳ. ಯಾವ ದಿನ ಯಾರು ಏನು ಮಾಡುತ್ತಾರೆ ಅಂತ ಕಾಗದದಲ್ಲೇ ಇದ್ದರೆ ಅವರಿಗೆ ಮಾರಲು ಏನೂ ಉಳಿಯುವುದಿಲ್ಲ. ಇದರ ಜೊತೆಗೆ ಇನ್ನೊಂದು ಪದ್ಧತಿ: ಮಾತು ದೂರುದಾರರ ಬಾಯಿಂದಲೇ ಬರಬೇಕು. ಜೊತೆಗೆ ಬಂದವರು ಕೂರಬಹುದು, ಧೈರ್ಯ ಹೇಳಬಹುದು. ಅವರ ಪರವಾಗಿ ಕಥೆ ಹೇಳುವಂತಿಲ್ಲ. ಹೆಣ್ಣುಮಕ್ಕಳು ಬಂದರೆ ಮಹಿಳಾ ಸಿಬ್ಬಂದಿ ಬೇರೆ ಕಡೆ ಕೂರಿಸಿ ಕೇಳಬೇಕು. ಲೈಂಗಿಕ ಅಪರಾಧದ ಮಾಹಿತಿ ದಾಖಲಿಸದೆ ವಾಪಸ್ ಕಳಿಸಿದರೆ ಭಾರತೀಯ ನ್ಯಾಯ ಸಂಹಿತೆಯ 199ನೇ ಕಲಂ ಪ್ರಕಾರ ಆ ಅಧಿಕಾರಿಗೇ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು. ಇದನ್ನು ಸಿಬ್ಬಂದಿಯ ಹಾಜರಿ ತೆಗೆಯುವ ರೋಲ್‌ಕಾಲಿನಲ್ಲಿ ಆಗಾಗ ನೆನಪಿಸಬೇಕು.

ರೋಲ್‌ಕಾಲ್ ಅಂದ ಮೇಲೆ ಮಾತಿನ ಧಾಟಿಯ ವಿಷಯ. ಠಾಣೆಯಲ್ಲಿ ಎಲ್ಲರಿಗೂ "ನೀವು". ಇಸ್ತ್ರಿ ಶರ್ಟಿನವರಿಗೆ "ಬನ್ನಿ ಸರ್", ಹರಿದ ಲುಂಗಿಯವರಿಗೆ "ಏನೋ, ಯಾಕೋ ಬಂದೆ" ಅನ್ನುವ ಅಭ್ಯಾಸ ಹೋಗದೆ ಮಿಕ್ಕ ಯಾವ ಸುಧಾರಣೆಯೂ ನಿಲ್ಲುವುದಿಲ್ಲ, ಯಾಕೆಂದರೆ ಯಾರಿಗೆ "ನೀನು" ಅನ್ನುತ್ತೇವೆ ಅನ್ನುವುದರಲ್ಲಿ ಜಾತಿ, ಬಡತನ ಎರಡೂ ಸೇರಿಕೊಂಡಿರುತ್ತವೆ. "ಕೂತ್ಕೊಳ್ಳಿ ಅಮ್ಮಾ, ನೀರು ಕುಡೀರಿ, ಆಮೇಲೆ ಹೇಳಿ" ಅನ್ನಲು ಖರ್ಚೇನೂ ಇಲ್ಲ. ದಸ್ತಗಿರಿಯಾದ ಆರೋಪಿಗೂ ಅದೇ ಬಹುವಚನ. ಇದನ್ನು ಸುತ್ತೋಲೆಯಿಂದ ತರಲಾಗದು. ಇನ್‌ಸ್ಪೆಕ್ಟರ್ ತಾನು ಕಾನ್‌ಸ್ಟೇಬಲ್‌ಗಳನ್ನು ಏಕವಚನದಲ್ಲಿ ಬೈದು, ಅವರು ಜನರನ್ನು ಬಹುವಚನದಲ್ಲಿ ಮಾತಾಡಿಸಲಿ ಅಂದರೆ ಹೇಗೆ? ಮೊದಲು ರೋಲ್‌ಕಾಲಿನಲ್ಲೇ "ನೀವು" ಶುರುವಾಗಬೇಕು. ರಜೆ, ಡ್ಯೂಟಿ ಹಂಚಿಕೆ ಬೋರ್ಡಿನ ಮೇಲೆ ಬರಬೇಕು. ಒಳಗೆ ನ್ಯಾಯ ಕಾಣದ ಸಿಬ್ಬಂದಿಯಿಂದ ಹೊರಗಿನವರಿಗೆ ನ್ಯಾಯ ಸಿಗುವುದು ಕಷ್ಟ.

ಎಫ್‌ಐಆರ್ ದಾಖಲಿಸಲು ಹಿಂಜರಿಕೆ ಎಲ್ಲಿಂದ ಬರುತ್ತದೆ ಅಂತ ನೇರವಾಗಿ ಹೇಳಬೇಕು. ಅಂಕಿಅಂಶದ ಭಯ. 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ದಾಖಲಿಸುವುದು ಕಡ್ಡಾಯ ಅಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ ಮಾತ್ರ ಡಿವೈಎಸ್‌ಪಿ ಅನುಮತಿ ಪಡೆದು ದಾಖಲಿಸುವ ಮುನ್ನ 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ಹೀಗಿದ್ದರೂ ಬೈಕ್ ಕಳವಿಗೆ "ಎರಡು ದಿನ ಹುಡುಕಿ ನೋಡಿ, ಸಿಗದಿದ್ದರೆ ಬನ್ನಿ" ಅನ್ನುವುದು ನಿಂತಿಲ್ಲ. ಪ್ರಾಮಾಣಿಕವಾಗಿ ದಾಖಲಿಸಲು ಶುರು ಮಾಡಿದ ತಿಂಗಳೇ ಕಳವಿನ ಸಂಖ್ಯೆ ಏರುತ್ತದೆ, ಕ್ರೈಂ ಮೀಟಿಂಗಿನಲ್ಲಿ ಪ್ರಶ್ನೆ ಬರುತ್ತದೆ. ಇದಕ್ಕೆ ಮದ್ದು ಮುಂಚಿತವಾಗಿ ಮಾತಾಡುವುದು. ಬಂದ ದೂರು ಎಷ್ಟು, ದಾಖಲಾದದ್ದು ಎಷ್ಟು, ಎನ್‌ಸಿಆರ್ ಎಷ್ಟು, ಹಿಂಬರಹ ಎಷ್ಟು ಅಂತ ಒಂದೇ ಹಾಳೆಯಲ್ಲಿ ಮೇಲಧಿಕಾರಿಗೆ ಮೊದಲೇ ಕೊಟ್ಟರೆ, ಏರಿದ್ದು ಅಪರಾಧವೋ ದಾಖಲಾತಿಯೋ ಅನ್ನುವುದು ಅವರಿಗೇ ಕಾಣುತ್ತದೆ.

ಆನ್‌ಲೈನ್ ವಂಚನೆಯ ದೂರಿಗೆ ಮಾತ್ರ ಕ್ರಮ ತಿರುಗುಮುರುಗು. ಬರೆಯುವುದು ಆಮೇಲೆ, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ತಡೆಯುವುದಕ್ಕೆ ನಿಮಿಷಗಳೂ ಮುಖ್ಯ. ವಹಿವಾಟಿನ ನಂಬರ್, ಸಮಯ, ಬ್ಯಾಂಕ್ ಹೆಸರು, ಈ ಮೂರನ್ನು ಕೇಳಬೇಕು ಅಂತ ಟೇಬಲ್ಲಿನ ಗಾಜಿನಡಿ ಬರೆದಿಟ್ಟರೆ ಡ್ಯೂಟಿಯಲ್ಲಿ ಯಾರೇ ಇದ್ದರೂ ಕೆಲಸ ನಡೆಯುತ್ತದೆ.

ಮಾತು ಕೊಟ್ಟಂತೆ ಫೋನ್ ಮಾಡುವುದು ಕಾಗದಕ್ಕಿಂತ ಕಷ್ಟ. ತನಿಖೆಯ ಪ್ರಗತಿಯನ್ನು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು ಅಂತ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಂ ಹೇಳುತ್ತದೆ. ಮನೆಗಳ್ಳತನವಾದವರಿಗೆ 90 ದಿನ ಅಂದರೆ ಯುಗ. ನಾವು ಇಟ್ಟುಕೊಂಡದ್ದು ಏಳನೇ ದಿನ, ಮೂವತ್ತನೇ ದಿನ, ಆಮೇಲೆ ತಿಂಗಳಿಗೊಮ್ಮೆ. ಹೇಳಲು ಏನೂ ಇಲ್ಲದಾಗಲೂ ಕರೆ ಮಾಡಬೇಕು, ಸಿಬ್ಬಂದಿ ಹಿಂಜರಿಯುವುದು ಅಲ್ಲೇ. "ಇನ್ನೂ ಸುಳಿವು ಸಿಕ್ಕಿಲ್ಲ. ಬೆರಳಚ್ಚು ಕಳಿಸಿದ್ದೇವೆ, ಬೀದಿ ತುದಿಯ ಕ್ಯಾಮೆರಾ ನೋಡಿದ್ದೇವೆ, ಮುಖ ಕಾಣುತ್ತಿಲ್ಲ" ಅಂದರೆ ಸಾಕು. ಆಸೆ ಹುಟ್ಟಿಸುವ ಸುಳ್ಳು ಬೇಡ. ಪತ್ತೆಯಾಗಲಿಲ್ಲ ಅಂತ ನ್ಯಾಯಾಲಯಕ್ಕೆ ಕೊಡುವ ಸಿ ರಿಪೋರ್ಟ್ ಹಾಕುವ ಮುಂಚೆ ನಾವೇ ತಿಳಿಸಬೇಕು. ನ್ಯಾಯಾಲಯದ ನೋಟಿಸಿನಿಂದ ಅವರಿಗೆ ಗೊತ್ತಾಗಬಾರದು.

ದಸ್ತಗಿರಿಯ ಕಡೆಗೆ ಬಂದರೆ, ಮನೆಯವರಿಗೆ ತಿಳಿಸಿದ ಹೊತ್ತು ಮತ್ತು ಯಾರಿಗೆ ತಿಳಿಸಿದ್ದು ಅನ್ನುವುದನ್ನು ಠಾಣಾ ದಿನಚರಿಯಲ್ಲಿ ಬರೆಯಲೇಬೇಕು. ದಸ್ತಗಿರಿಯಾದವರಿಗೆ ಅದರ ಕಾರಣಗಳನ್ನು ಲಿಖಿತವಾಗಿ ಕೊಡಬೇಕು. ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಠಾಣೆಯ ಬಾಗಿಲು, ಲಾಕಪ್, ಪಡಸಾಲೆ, ಅಧಿಕಾರಿಗಳ ಕೊಠಡಿ ಎಲ್ಲೆಡೆ ಧ್ವನಿಯೂ ದಾಖಲಾಗುವ ಸಿಸಿಟಿವಿ ಇರಬೇಕು, ದೃಶ್ಯ 18 ತಿಂಗಳು ಉಳಿಯಬೇಕು ಅಂತ ಆದೇಶಿಸಿತು. ಕ್ಯಾಮೆರಾ ಕೂರಿಸುವುದು ಸುಲಭ. ಕೆಡುವುದು ಬೇರೆ ಕಡೆ: ಹಾರ್ಡ್‌ಡಿಸ್ಕ್ ತುಂಬಿ ಹಳೆಯದರ ಮೇಲೆ ಹೊಸದು ಕೂರುತ್ತದೆ, ಕರೆಂಟು ಹೋದಾಗ ಯುಪಿಎಸ್ ಕೈಕೊಡುತ್ತದೆ, ಯಂತ್ರದ ಗಡಿಯಾರ ಹಿಂದುಮುಂದಾಗುತ್ತದೆ. ಗಡಿಯಾರ ಹತ್ತು ನಿಮಿಷ ತಪ್ಪಿದರೆ ದಿನಚರಿಯ ಹೊತ್ತಿಗೂ ದೃಶ್ಯದ ಹೊತ್ತಿಗೂ ತಾಳೆಯಾಗದೆ, ಸರಿಯಾಗಿ ನಡೆದುಕೊಂಡ ಸಿಬ್ಬಂದಿಯೂ ಅನುಮಾನಕ್ಕೆ ಗುರಿಯಾಗುತ್ತಾರೆ. ಹಾಗಾಗಿ ಪ್ರತಿ ಸೋಮವಾರ ಒಬ್ಬರು ಅತಿ ಹಳೆಯ ದೃಶ್ಯದ ತಾರೀಖು, ಗಡಿಯಾರದ ಹೊತ್ತು, ಪ್ರತಿ ಕ್ಯಾಮೆರಾದ ಧ್ವನಿ ಪರೀಕ್ಷಿಸಿ ಬರೆದಿಡುತ್ತಿದ್ದರು.

ವಾಹನ ತಪಾಸಣೆಯಲ್ಲಿ ಒಂದು ಕ್ಷಣದ ನಡವಳಿಕೆ ವರ್ಷಗಟ್ಟಲೆ ಮಾಡಿದ ಕೆಲಸವನ್ನು ಅಳಿಸುತ್ತದೆ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ, ನಾಯಿ ಕಚ್ಚಿದ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ದಂಪತಿಯ ಬೈಕನ್ನು ಹೆಲ್ಮೆಟ್ ತಪಾಸಣೆಗೆ ತಡೆದಾಗ ಬಿದ್ದು ಆ ಮಗು ಸತ್ತಿತು. ಸಿಬ್ಬಂದಿಗೆ ಕಲಿಸಬೇಕಾದ್ದು ಇಷ್ಟು: ಚಲಿಸುವ ಗಾಡಿಗೆ ಅಡ್ಡ ಬರಬಾರದು, ಕೀ ಕೀಳಬಾರದು, ಓಡಿಹೋದವರನ್ನು ಬೆನ್ನಟ್ಟದೆ ನಂಬರ್ ಬರೆದುಕೊಳ್ಳಬೇಕು, ತಿರುವಿನಲ್ಲಿ ಅಡಗಿ ನಿಲ್ಲಬಾರದು. ನಿಲ್ಲಿಸಿದವರಿಗೆ ಯಾಕೆ ನಿಲ್ಲಿಸಿದ್ದು ಅಂತ ಮೊದಲ ವಾಕ್ಯದಲ್ಲೇ ಹೇಳಬೇಕು. ಮಗು, ರೋಗಿ, ಗರ್ಭಿಣಿ ಇದ್ದರೆ ಮೊದಲು ದಾರಿ, ಆಮೇಲೆ ದಂಡ.

ಗಸ್ತಿನ ವಿಷಯದಲ್ಲಿ ರಾಜ್ಯದಲ್ಲಿ ಚೌಕಟ್ಟಿಗೆ ಕೊರತೆ ಇಲ್ಲ. 2017ರಲ್ಲಿ ಸುಧಾರಿತ ಗಸ್ತು ವ್ಯವಸ್ಥೆ ಬಂತು, 2025ರಲ್ಲಿ 'ಮನೆ ಮನೆಗೆ ಪೊಲೀಸ್' ಅನ್ನುವ ಕಾರ್ಯಕ್ರಮ. ಸೋಲುವುದು ಬಂದೋಬಸ್ತಿನಿಂದ: ಗಸ್ತಿನ ಕಾನ್‌ಸ್ಟೇಬಲನ್ನು ಜಾತ್ರೆ, ಮೆರವಣಿಗೆ, ಗಣ್ಯರ ಭೇಟಿಗೆ ಎಳೆದರೆ ಬೀದಿಯವರಿಗೆ ಅವರ ಮುಖವೇ ಮರೆಯುತ್ತದೆ. ಒಂದು ಬೀಟಿಗೆ, ಅಂದರೆ ಗಸ್ತಿನ ಪ್ರದೇಶಕ್ಕೆ, ಇಬ್ಬರನ್ನು ಜೋಡಿ ಮಾಡಿ, ಇಬ್ಬರನ್ನೂ ಒಟ್ಟಿಗೆ ಹೊರಗೆ ಕಳಿಸದಿದ್ದರೆ ಬೀಟ್ ಉಳಿಯುತ್ತದೆ. ಬೀಟ್ ಸಭೆಗೆ ಅಂಗಡಿಯವರು, ಮುಖಂಡರು ತಾವೇ ಬರುತ್ತಾರೆ. ದಲಿತ ಕೇರಿಗೆ, ವಲಸೆ ಕಾರ್ಮಿಕರ ಶೆಡ್ಡಿಗೆ ನಾವೇ ಹೋಗಬೇಕು, ಅದೂ ಅವರು ಕೆಲಸದಿಂದ ಬಂದ ಮೇಲೆ, ಸಂಜೆ ಏಳರ ನಂತರ.

ಇದೆಲ್ಲ ಫಲ ಕೊಡುತ್ತಿದೆಯೇ ಅಂತ ನೋಡಲು, ಪ್ರಕರಣಕ್ಕೆ ಸಂಬಂಧವಿಲ್ಲದ ಸಿಬ್ಬಂದಿಯಿಂದ ವಾರಕ್ಕೆ ಹತ್ತು ಜನರಿಗೆ ಕರೆ ಮಾಡಿಸುತ್ತಿದ್ದೆ. ಹಿಂಬರಹ ಪಡೆದವರು ಅದರಲ್ಲಿ ಅರ್ಧ ಇರಬೇಕು, ಯಾಕೆಂದರೆ ಕೆಲಸ ಆದವರು ಹೇಗೂ ಹೊಗಳುತ್ತಾರೆ. ಕೇಳುವುದು ಮೂರೇ. ನಿಮ್ಮ ಮಾತು ಪೂರ್ತಿ ಕೇಳಿದರೇ? ಮುಂದೇನು ಅಂತ ಹೇಳಿದರೇ? ಮತ್ತೆ ತೊಂದರೆಯಾದರೆ ನೀವೊಬ್ಬರೇ ಬರುತ್ತೀರಾ, ಯಾರನ್ನಾದರೂ ಕರೆದುಕೊಂಡು ಬರುತ್ತೀರಾ? ಮೂರನೆಯದಕ್ಕೆ ಸಿಗುವ ಉತ್ತರದಲ್ಲೇ ಎಲ್ಲ ಇದೆ.

ವರ್ಗಾವಣೆಯಾದಾಗ ಚಾರ್ಜ್ ಪಟ್ಟಿಯಲ್ಲಿ ಬಂದೂಕು, ವಾಹನ, ಪ್ರಕರಣಗಳಲ್ಲಿ ವಶಪಡಿಸಿಕೊಂಡ ಮುದ್ದೆಮಾಲಿನ ಲೆಕ್ಕ ಇರುತ್ತದೆ. ಅದರ ಜೊತೆ ಇನ್ನೊಂದು ಪಟ್ಟಿ ಲಗತ್ತಿಸಬೇಕು: ಯಾರಿಗೆ, ಯಾವ ಅರ್ಜಿ ನಂಬರಿಗೆ, ಯಾವ ತಾರೀಖಿಗೆ ಫೋನ್ ಮಾಡುತ್ತೇವೆ ಅಂತ ಠಾಣೆ ಮಾತು ಕೊಟ್ಟಿದೆ ಅನ್ನುವುದು. ಹೊಸಬರು ಬಂದ ಮೊದಲ ವಾರದಲ್ಲಿ ಆ ಕರೆಗಳು ಹೋಗಬೇಕು.