ವಿದೇಶದಲ್ಲಿ ಒಂದು ವರ್ಷ ಸ್ವಯಂಸೇವೆ: ಖರ್ಚು ಸರ್ಕಾರದ್ದು, ಅರ್ಜಿ ನಿಮ್ಮದು

ಶಿರಸಿಯ ಅರಣ್ಯ ಕಾಲೇಜಿನಲ್ಲಿ ಓದಿದವರು, ಕಾರವಾರದ ಕಡಲ ಜೀವಶಾಸ್ತ್ರ ವಿಭಾಗದಿಂದ ಹೊರಬಂದವರು, ಕುಮಟೆಯಲ್ಲಿ ಪದವಿ ಮುಗಿಸಿ ಮುಂದೇನು ಎಂದು ಯೋಚಿಸುತ್ತಿರುವವರು, ಹೀಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಎಷ್ಟೋ ಮಂದಿಗೆ ಹೊರದೇಶದಲ್ಲಿ ಒಂದು ವರ್ಷ ಪರಿಸರದ ಕೆಲಸ ಮಾಡಿ ಬರುವ ಆಸೆ ಇದೆ. ಮೊಬೈಲ್‌ನಲ್ಲಿ ಹುಡುಕಿದರೆ ಮೊದಲು ಸಿಗುವುದು ದೊಡ್ಡ ಶುಲ್ಕ ಕೇಳುವ ಏಜೆನ್ಸಿಗಳ ಜಾಹೀರಾತು. ಇದು ನಮ್ಮಂಥವರಿಗಲ್ಲ ಎಂದು ಅಲ್ಲಿಗೇ ಕೈಬಿಡುತ್ತಾರೆ. ಆದರೆ ಸುಸ್ಥಿರ ಅಭಿವೃದ್ಧಿಗಾಗಿ ಸರ್ಕಾರಗಳು ಅನುದಾನ ಕೊಟ್ಟು ನಡೆಸುವ ಕಾರ್ಯಕ್ರಮಗಳಿವೆ. ಅವುಗಳಲ್ಲಿ ಹಣ ಕಟ್ಟುವ ಪ್ರಶ್ನೆಯೇ ಇಲ್ಲ, ಬದಲಿಗೆ ಅವರೇ ಭತ್ಯೆ ಕೊಡುತ್ತಾರೆ.

ಮೊದಲು, ದುಡ್ಡು ಯಾರದು ನೋಡಿ

ಯಾವ ಸರ್ಕಾರ ಹಣ ಹಾಕುತ್ತದೋ ಅದು ಸಾಮಾನ್ಯವಾಗಿ ತನ್ನ ಪ್ರಜೆಗಳನ್ನೇ ಕಳಿಸುತ್ತದೆ. ಅಮೆರಿಕದ ಪೀಸ್ ಕೋರ್ (1961), ಜಪಾನಿನ ಸಾಗರೋತ್ತರ ಸಹಕಾರ ಸ್ವಯಂಸೇವಕ ಯೋಜನೆ (1965) ಎರಡೂ ಹಾಗೆಯೇ. ನಾವು ಅಲ್ಲಿ ಅರ್ಜಿ ಹಾಕುವಂತಿಲ್ಲ. ಈ ಒಂದು ಸಂಗತಿ ಮೊದಲೇ ತಿಳಿದಿದ್ದರೆ ತಿಂಗಳುಗಟ್ಟಲೆ ಹುಡುಕಾಟ ಉಳಿಯುತ್ತದೆ. ಆದ್ದರಿಂದ ಯಾವ ಪ್ರಕಟಣೆ ಕಂಡರೂ ಮೊದಲು ರಾಷ್ಟ್ರೀಯತೆಯ ಷರತ್ತು, ಆಮೇಲೆ ವಯಸ್ಸು, ಉಳಿದದ್ದು ಕೊನೆಗೆ.

ನಮಗೆ ತೆರೆದಿರುವ ಎರಡು ದಾರಿ

ಒಂದು, ಜರ್ಮನಿಯ ವೆಲ್ಟ್‌ವೆರ್ಟ್ಸ್. ಅಲ್ಲಿನ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಚಿವಾಲಯ 2008ರಲ್ಲಿ ಆರಂಭಿಸಿದ ಕಾರ್ಯಕ್ರಮ. ಶುರುವಿನಲ್ಲಿ ಜರ್ಮನ್ ಯುವಕರು ಮಾತ್ರ ಹೊರಗೆ ಹೋಗುತ್ತಿದ್ದರು. ನಂತರ ಭಾರತದಂಥ ಅಭಿವೃದ್ಧಿಶೀಲ ದೇಶಗಳ ಯುವಜನ ಜರ್ಮನಿಗೆ ಹೋಗುವ ವಿಭಾಗವೂ ಸೇರಿತು. ವಯಸ್ಸು 18ರಿಂದ 28. ಸಚಿವಾಲಯಕ್ಕೆ ನೇರವಾಗಿ ಬರೆದು ಪ್ರಯೋಜನವಿಲ್ಲ. ಜರ್ಮನಿಯಲ್ಲಿ ಕರೆಸಿಕೊಳ್ಳುವ ಸಂಸ್ಥೆ ಮತ್ತು ಇಲ್ಲಿಂದ ಕಳಿಸುವ ಅದರ ಭಾರತೀಯ ಪಾಲುದಾರ ಸಂಸ್ಥೆ ಸೇರಿ ಆಯ್ಕೆ ಮಾಡುತ್ತವೆ. ಇಲ್ಲಿನ ಸಂಸ್ಥೆಗೆ ಫೋನ್ ಮಾಡಿದಾಗ ಜರ್ಮನಿಯಲ್ಲಿ ನಿಮ್ಮ ಜೊತೆಗಾರರು ಯಾರು, ಅವರಿಗೆ ಈ ವಿಭಾಗದಲ್ಲಿ ಮಾನ್ಯತೆ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಉತ್ತರ ತೇಲಿಸಿದರೆ ಬಿಟ್ಟುಬಿಡಿ.

ಇನ್ನೊಂದು, ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮ. 1970ರಲ್ಲಿ ಮಹಾಸಭೆಯ ನಿರ್ಣಯದಿಂದ ಹುಟ್ಟಿದ್ದು, ಕಚೇರಿ ಜರ್ಮನಿಯ ಬಾನ್‌ನಲ್ಲಿ. ಅದರ ಆನ್‌ಲೈನ್ ವೇದಿಕೆಯಲ್ಲಿ ನಿಮ್ಮ ವಿವರ ದಾಖಲಿಸಿ, ಒಪ್ಪುವ ಹುದ್ದೆಗೆ ಅರ್ಜಿ ಹಾಕಬೇಕು. 18ರಿಂದ 26ರವರೆಗೆ ಯುವ ವಿಭಾಗ, 27 ತುಂಬಿದವರಿಗೆ ಅನುಭವ ಬೇಡುವ ತಜ್ಞ ವಿಭಾಗ. ಇಲ್ಲಿಯೂ ಒಂದು ಎಚ್ಚರಿಕೆ: ಒಂದು ದೇಶ ಪೂರ್ತಿ ಹಣ ಕೊಟ್ಟ ಹುದ್ದೆಗಳು ಸಾಮಾನ್ಯವಾಗಿ ಆ ದೇಶದವರಿಗೇ ಮೀಸಲು. ಎಲ್ಲರಿಗೂ ತೆರೆದಿರುವುದನ್ನು ಆರಿಸಿಕೊಳ್ಳಿ.

ಅರ್ಜಿಯಲ್ಲಿ ಬರೆಯುವುದೇನು

ನಮ್ಮವರು ಸೋಲುವುದು ಇಲ್ಲೇ. "ನನಗೆ ಪ್ರಕೃತಿ ಎಂದರೆ ಪ್ರಾಣ" ಎಂಬ ಸಾಲು ಎಲ್ಲ ಅರ್ಜಿಗಳಲ್ಲೂ ಇರುತ್ತದೆ. ನಿಮ್ಮ ಬಳಿ ಅದಕ್ಕಿಂತ ಗಟ್ಟಿಯಾದದ್ದಿದೆ. ಅಘನಾಶಿನಿ ಅಳಿವೆಯ ಗಜನಿಯನ್ನೇ, ಅಂದರೆ ಉಬ್ಬರದ ಉಪ್ಪುನೀರು ಬರುವ ತಗ್ಗು ಗದ್ದೆಯನ್ನೇ ತೆಗೆದುಕೊಳ್ಳಿ. ಮಳೆನೀರು ಉಪ್ಪು ತೊಳೆದ ಮೇಲೆ ಉಪ್ಪು ತಾಳುವ ಕಗ್ಗ ಭತ್ತ ಬಿತ್ತುತ್ತಾರೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಸಿಗಡಿ ಹಿಡಿಯುತ್ತಾರೆ. ತೂಬಿನ ಹಲಗೆಯನ್ನು ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎಂಬುದು ಮನೆಯ ಹಿರಿಯರಿಗೆ ಗೊತ್ತು. ಈ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿ ಒಂದು ಹಂಗಾಮು ಅಪ್ಪನ ಜೊತೆ ಕಟ್ಟೆ ದುರಸ್ತಿ ಮಾಡಿದ್ದರೆ, ಬಳಚು (ಚಿಪ್ಪುಮೀನು) ತೆಗೆಯುವ ಹೆಂಗಸರೊಡನೆ ಮಾತಾಡಿ ಲೆಕ್ಕ ಬರೆದಿಟ್ಟಿದ್ದರೆ ಅದನ್ನೇ ಬರೆಯಿರಿ: ಯಾವ ಊರು, ಎಷ್ಟು ಗದ್ದೆ, ನೀವು ಮಾಡಿದ್ದೇನು, ಏನು ಬದಲಾಯಿತು. ಜರ್ಮನಿಯ ಉತ್ತರ ತೀರದಲ್ಲೂ ಉಬ್ಬರ ಇಳಿತದ ಕೆಸರು ಬಯಲಿದೆ, ವಾಡನ್ ಸಮುದ್ರ. 2009ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಜಾಗ. ಗಜನಿ ಬಲ್ಲವರು ಅಲ್ಲಿ ಕಲಿಯುವುದಷ್ಟೇ ಅಲ್ಲ, ಹೇಳಿಕೊಡಲೂ ಬಲ್ಲರು.

ಘಟ್ಟದ ಮೇಲಿನವರಿಗೂ ಇದೇ ಮಾತು. 1983ರಲ್ಲಿ ಸಾಲ್ಕಣಿಯಲ್ಲಿ ಮರ ಅಪ್ಪಿ ಕಾಡು ಉಳಿಸುವ ಅಪ್ಪಿಕೋ ಚಳವಳಿ ಹುಟ್ಟಿತೆಂದು ಹೆಮ್ಮೆಯಿಂದ ಬರೆಯಿರಿ. ಆದರೆ ಮುಂದಿನ ಸಾಲಿನಲ್ಲೇ ತೋಟಕ್ಕೆ ಸೊಪ್ಪು ತರುವ ನಿಮ್ಮ ಸೊಪ್ಪಿನಬೆಟ್ಟದಲ್ಲಿ ನೀವು ನೆಟ್ಟು ಉಳಿಸಿದ್ದೇನು ಎಂಬುದಿರಲಿ.

ಹಣ, ಪಾಸ್‌ಪೋರ್ಟ್, ಭಾಷೆ

ವಿಶ್ವಸಂಸ್ಥೆಯ ಕಾರ್ಯಕ್ರಮ ಯಾವ ಹಂತದಲ್ಲೂ ಶುಲ್ಕ ಕೇಳುವುದಿಲ್ಲ. ತಿಂಗಳ ಜೀವನ ಭತ್ಯೆ, ಪ್ರಯಾಣ, ವಿಮೆ ಅವರದೇ. ಇದು ಸಂಬಳವಲ್ಲ, ಮನೆಗೆ ದುಡ್ಡು ಕಳಿಸುವ ಲೆಕ್ಕ ಹಾಕಬೇಡಿ. ಜರ್ಮನಿಯಲ್ಲಿ ವಾಸ, ಊಟ, ವಿಮೆ, ಕೈಖರ್ಚು ಸಿಗುತ್ತದೆ. ನೋಂದಣಿ ಶುಲ್ಕ, ಠೇವಣಿ, ಗ್ಯಾರಂಟಿ ಹಣ ಎಂದು ಯಾರಾದರೂ ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಪಾಸ್‌ಪೋರ್ಟನ್ನು ಇವತ್ತೇ ಮಾಡಿಸಿಡಿ. 36 ಪುಟದ ಸಾಮಾನ್ಯ ಪಾಸ್‌ಪೋರ್ಟಿಗೆ 1,500 ರೂಪಾಯಿ. ಆಧಾರ್ ಮತ್ತು ಅಂಕಪಟ್ಟಿಯಲ್ಲಿ ಹೆಸರು, ಇನಿಷಿಯಲ್ ಬೇರೆ ಬೇರೆ ಇದ್ದರೆ ಮೊದಲು ಅದನ್ನು ಸರಿಪಡಿಸಿ. ಜರ್ಮನಿಗೆ ಹೋಗುವವರು ಹೊರಡುವ ಒಂದು ವರ್ಷ ಮೊದಲೇ ಭಾಷೆ ಶುರು ಮಾಡಿದರೆ ಒಳ್ಳೆಯದು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ತರಗತಿ, ಪರೀಕ್ಷೆ ಎರಡೂ ಇವೆ.

ಮನೆಬಿಟ್ಟು ಹೋಗಲಾಗದವರಿಗೆ ವಿಶ್ವಸಂಸ್ಥೆಯ ಅದೇ ವೇದಿಕೆಯಲ್ಲಿ ಆನ್‌ಲೈನ್ ಸ್ವಯಂಸೇವೆ ಇದೆ. 18 ತುಂಬಿದ್ದರೆ ಸಾಕು. ಅನುವಾದ, ವಿನ್ಯಾಸ, ಸಂಶೋಧನೆಯಂಥ ಕೆಲಸ. ಭತ್ಯೆ ಇಲ್ಲ, ಆದರೆ ಅಲ್ಲಿ ಮಾಡಿದ ಕೆಲಸವನ್ನು ಮುಂದಿನ ಅರ್ಜಿಯಲ್ಲಿ ಅನುಭವವೆಂದು ತೋರಿಸಬಹುದು. ಹೊನ್ನಾವರದ ಮನೆಯ ಜಗಲಿಯಲ್ಲೇ ಕೂತು ಶುರು ಮಾಡಬಹುದು.