ಒಂಬತ್ತನೇ ತರಗತಿಯಲ್ಲಿ 1889ರ ಲಂಡನ್ ಚುನಾವಣೆ: ನನ್ನ ಅನುಭವ

ಲಂಡನ್ನಿನ ಸ್ಥಳೀಯ ಆಡಳಿತ ನೋಡಿಕೊಳ್ಳುತ್ತಿದ್ದ ಲಂಡನ್ ಕೌಂಟಿ ಕೌನ್ಸಿಲ್‌ಗೆ ಮೊದಲ ಚುನಾವಣೆ ನಡೆದದ್ದು 1889ರ ಜನವರಿ 17ರಂದು. ಒಟ್ಟು 118 ಸ್ಥಾನ. ಬಾಯಲ್ಲಿ ಹೇಳಿದರೆ ಎರಡು ನಿಮಿಷದ ಪಾಠ. ನಾನು ಅದನ್ನು ಮಕ್ಕಳ ಕೈಯಲ್ಲೇ ನಡೆಸಿದೆ, ಮೂರು ಪೀರಿಯಡ್ ಹಿಡಿಯಿತು.

ಜಾಸ್ತಿ ಹೊತ್ತು ಹಿಡಿದದ್ದು ಮತದಾರರ ಪಟ್ಟಿಗೆ. ಪೂರ್ವ ಲಂಡನ್ನಿನ ಬೋ ಅಂಡ್ ಬ್ರೊಮ್ಲಿ ಕ್ಷೇತ್ರವನ್ನು ಆರಿಸಿಕೊಂಡೆ. ಹಿಂದಿನ ವರ್ಷವಷ್ಟೇ ಬೆಂಕಿಪೊಟ್ಟಣ ಕಾರ್ಖಾನೆಯ ಹುಡುಗಿಯರು ಮುಷ್ಕರ ಹೂಡಿದ್ದ ಜಾಗ ಅದು. ನಲವತ್ತು ಮಕ್ಕಳಿಗೆ ನಲವತ್ತು ಚೀಟಿ ಬರೆದೆ. ಬಂದರಿನ ಕೂಲಿ, ಬಟ್ಟೆ ಒಗೆಯುವ ವಿಧವೆ, ಅಂಗಡಿಯವನು, ಅವನ ಹೆಂಡತಿ, ಬಾಡಿಗೆ ಕೋಣೆಯಲ್ಲಿರುವ ಬೆಂಕಿಕಡ್ಡಿ ಹುಡುಗಿ. ಆಮೇಲೆ ಪಟ್ಟಿ ಓದಿದೆ. ಮನೆ ಹಿಡಿದು ಸ್ಥಳೀಯ ತೆರಿಗೆ ಕಟ್ಟುವವರ ಹೆಸರು ಮಾತ್ರ ಅದರಲ್ಲಿತ್ತು. ವಿಧವೆಗೆ ಓಟು ಉಂಟು, ಕೋಣೆಯ ಹುಡುಗಿಗೆ ಇಲ್ಲ, ಅಂಗಡಿಯವನ ಹೆಂಡತಿಗೂ ಇಲ್ಲ.

ಹೆಂಡತಿಯ ಚೀಟಿ ಸಿಕ್ಕಿದ್ದ ಹುಡುಗಿ ಎದ್ದು ನಿಂತಳು. "ಮೇಡಂ, ನನ್ನ ಗಂಡ ಸತ್ತರೆ ಆಗ ಓಟು ಬರುತ್ತಾ?"

"ಮನೆ ನಿನ್ನ ಹೆಸರಿಗೆ ಬಂದು ತೆರಿಗೆ ನೀನೇ ಕಟ್ಟಿದರೆ ಬರುತ್ತದೆ" ಅಂದೆ. ಒಬ್ಬರೂ ನಗಲಿಲ್ಲ. ಎಷ್ಟೋ ವರ್ಷ ಪಾಠ ಮಾಡಿದ್ದೇನೆ, ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ.

ಮತದಾನ ಸುಲಭವಾಗಿತ್ತು. 1872ರಿಂದ ಅಲ್ಲಿ ಗುಪ್ತ ಮತದಾನ, ಹಾಗಾಗಿ ಕಿಟಕಿ ಪಕ್ಕದ ಬೆಂಚಿಗೆ ರಟ್ಟು ಅಡ್ಡ ಇಟ್ಟೆ. ಕ್ಷೇತ್ರಕ್ಕೆ ಎರಡು ಸ್ಥಾನ, ಆದ್ದರಿಂದ ಒಬ್ಬರಿಗೆ ಎರಡು ಓಟು. ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಗುಣಿಸು ಗುರುತು. ಓದಲು ಬಾರದವರ ಚೀಟಿಗೆ ಮತಗಟ್ಟೆ ಅಧಿಕಾರಿಯೇ ಗುರುತು ಹಾಕುತ್ತಿದ್ದರು ಎಂದಾಗ, "ಹಾಗಾದ್ರೆ ಗುಟ್ಟು ಎಲ್ಲಿ ಉಳೀತು?" ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಸರಿಯಾದ ಪ್ರಶ್ನೆಯೇ, ಅಲ್ವಾ?

ನಿಜವಾದ ಚುನಾವಣೆಯಲ್ಲಿ ಇಲ್ಲಿ ಗೆದ್ದದ್ದು ಜೇನ್ ಕಾಬ್ಡನ್ ಎಂಬ ಹೆಂಗಸು. ಲಂಡನ್ನಿನ ಇನ್ನೊಂದು ಕ್ಷೇತ್ರ ಬ್ರಿಕ್ಸ್‌ಟನ್‌ನಲ್ಲಿ ಲೇಡಿ ಸ್ಯಾಂಡ್‌ಹರ್ಸ್ಟ್ ಗೆದ್ದರು. ಅಲ್ಲಿ ಸೋತ ಬೆರೆಸ್‌ಫರ್ಡ್ ಹೋಪ್ ಕೋರ್ಟಿಗೆ ಹೋದರು. ಹೆಂಗಸರು ಓಟು ಹಾಕಬಹುದು, ಸದಸ್ಯರಾಗುವ ಹಾಗಿಲ್ಲ ಎಂದು ತೀರ್ಪಾಯಿತು. ಸ್ಯಾಂಡ್‌ಹರ್ಸ್ಟ್ ಸ್ಥಾನ ಹೋಯಿತು. ಕಾಬ್ಡನ್ ಸ್ಥಾನ ಉಳಿಯಿತು, ಆದರೆ ಸಭೆಯಲ್ಲಿ ಮತ ಹಾಕಿದ್ದಕ್ಕೆ 250 ಪೌಂಡ್ ದಂಡ ಬಿತ್ತು. ಮೇಲ್ಮನವಿಯಲ್ಲಿ ಅದು 5 ಪೌಂಡಿಗೆ ಇಳಿಯಿತು. ಉಳಿದ ಅವಧಿಯನ್ನು ಅವರು ಮಾತಾಡದೆ, ಮತ ಹಾಕದೆ ಕಳೆದರು. ಹೆಂಗಸರು ಸದಸ್ಯರಾಗಲು ಕಾನೂನು ಬಂದದ್ದು 1907ರಲ್ಲಿ.

ಕೊನೆಯ ಪೀರಿಯಡ್‌ನಲ್ಲಿ ಕೌನ್ಸಿಲ್ ಸಭೆ ಮಾಡಿದೆವು. ವಿಷಯ ಚರಂಡಿ ಮತ್ತು ಬಾಡಿಗೆ ಮನೆಗಳು. ನಮ್ಮ ಕಾಬ್ಡನ್‌ಗೆ ಮಾತಾಡಬೇಡ, ಕೈ ಎತ್ತಬೇಡ ಎಂದಿದ್ದೆ. ತರಗತಿಯಲ್ಲಿ ಎಲ್ಲರಿಗಿಂತ ಜಾಸ್ತಿ ಮಾತಾಡುವ ಹುಡುಗಿ ಅವಳು. ಎರಡೂ ಕೈ ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದಳು. ಚರಂಡಿಯ ಠರಾವು ಒಂದು ಓಟಿನಿಂದ ಬಿದ್ದುಹೋದಾಗ ನನ್ನ ಕಡೆ ನೋಡಿದಳು. ಗಂಟೆ ಹೊಡೆಯುವವರೆಗೂ ಕೈ ತೆಗೆಯಲಿಲ್ಲ.