ಮೆಕ್ಸಿಕೊದಲ್ಲಿ ಊಟ: ಏನು ಕೇಳಬೇಕು, ಹೇಗೆ ತಿನ್ನಬೇಕು

ಅತ್ತಿಗೆ "ವೆಹೆತಾರಿಯಾನೊ?" (ಸಸ್ಯಾಹಾರವೇ?) ಎಂದು ಕೇಳಿದ್ದರು, ಹೋಟೆಲಿನವರು ಹೌದೆಂದು ತಲೆಯಾಡಿಸಿದ್ದರು. ತಟ್ಟೆಯಲ್ಲಿ ಮಾಂಸದ ಚೂರು ಒಂದೂ ಕಾಣಲಿಲ್ಲ. ಅರ್ಧ ಅನ್ನ ಮುಗಿದ ಮೇಲೆ ನಾನು ವಿಚಾರಿಸಿದಾಗ ಗೊತ್ತಾಯಿತು, ಅನ್ನ ಬೆಂದದ್ದು ಕೋಳಿ ಬೇಯಿಸಿದ ನೀರಿನಲ್ಲಿ. ಅವರು ಸುಳ್ಳು ಹೇಳಿರಲಿಲ್ಲ. ನಾವು ಕೇಳಿದ ಪ್ರಶ್ನೆಯೇ ಸಾಲದಾಗಿತ್ತು. ಮೆಕ್ಸಿಕೊದ ಗ್ವಾದಲಹಾರ ನಗರದಲ್ಲಿ ಕೆಲಸಕ್ಕಿದ್ದ ಎರಡು ವರ್ಷ, ಊರಿನಿಂದ ಬಂದ ನೆಂಟರು, ಆಫೀಸಿನ ಹೊಸಬರು ಇದೇ ಜಾಗದಲ್ಲಿ ಎಡವುವುದನ್ನು ನೋಡಿದ್ದೇನೆ. ಆಮೇಲೆ ಅವರು ಹೋಟೆಲ್ ರೂಮಿನಲ್ಲಿ ಬಿಸಿನೀರಿಗೆ ನೂಡಲ್ಸ್ ಹಾಕಿಕೊಂಡು ದಿನ ಕಳೆಯುತ್ತಾರೆ. ಅಷ್ಟು ದೂರ ಹೋಗಿ ಹಾಗೆ ಮಾಡಬೇಡಿ.

1. ಹೊತ್ತು ನೋಡಿ ಹೊರಡಿ. ಅಲ್ಲಿ ದೊಡ್ಡ ಊಟ ಮಧ್ಯಾಹ್ನ 2ರಿಂದ 4ರೊಳಗೆ. ಫೋಂದಾ ಎನ್ನುವ ಸಣ್ಣ ಮನೆಯೂಟದ ಹೋಟೆಲುಗಳಲ್ಲಿ ಆಗ 'ಕೊಮೀದಾ ಕೊರ್ರೀದಾ' ಸಿಗುತ್ತದೆ: ಸೂಪು, ಅನ್ನ, ಒಂದು ಮುಖ್ಯ ಪದಾರ್ಥ, ಶರಬತ್ತು, ಎಲ್ಲ ಸೇರಿ ಒಂದೇ ಬೆಲೆ. ಮೆಕ್ಕೆಜೋಳದ ರೊಟ್ಟಿಯಲ್ಲಿ ಪಲ್ಯ, ಮಾಂಸ ಮಡಚಿ ಕೊಡುವ ಟಾಕೊ ಗಾಡಿಗಳಿಗೆ ಕಳೆ ಬರುವುದು ಸಂಜೆಯ ಮೇಲೆ.

2. ತೋರ್ತಿಯಾ, ಅಂದರೆ ಅವರ ಮೆಕ್ಕೆಜೋಳದ ರೊಟ್ಟಿ, ಚೆನ್ನಾಗಿರುವ ಜಾಗ ಹುಡುಕಿ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಯಲು ಬಿಟ್ಟು, ತೊಳೆದು, ಹಸಿಯಾಗಿಯೇ ರುಬ್ಬುತ್ತಾರೆ. ಹಾಗೆ ಬೆಂದ ಕಾಳಿಗೆ ನಿಕ್ಸ್ತಮಾಲ್ ಎಂದು ಹೆಸರು. ಸುಣ್ಣ ಬಿದ್ದರೆ ಸಿಪ್ಪೆ ಬಿಡುತ್ತದೆ, ಹಿಟ್ಟಿಗೆ ಅಂಟು ಬರುತ್ತದೆ, ಕಾಳಿನಲ್ಲಿ ಅಡಗಿರುವ ನಿಯಾಸಿನ್ ಜೀವಸತ್ವ ಮೈಗೆ ಹತ್ತುತ್ತದೆ. ಯುರೋಪಿನವರು ಜೋಳವನ್ನು ಒಯ್ದರು, ಸುಣ್ಣದ ಪಾಠ ಬಿಟ್ಟುಹೋದರು. ಜೋಳವನ್ನೇ ನಂಬಿದ ಬಡವರಿಗೆ ಅಲ್ಲಿ ನಿಯಾಸಿನ್ ಸಾಲದೆ ಪೆಲಾಗ್ರಾ ರೋಗ ಬಂತು. 2010ರಲ್ಲಿ ಯುನೆಸ್ಕೊ ಮೆಕ್ಸಿಕೊದ ಸಾಂಪ್ರದಾಯಿಕ ಅಡುಗೆಯನ್ನು ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಕ್ರಮವನ್ನು ಹೆಸರಿಟ್ಟು ಹೇಳಿತು. ಕಾವಲಿಯ ಮೇಲೆ ತೋರ್ತಿಯಾ ಪೂರಿಯಂತೆ ಉಬ್ಬುತ್ತಿದ್ದರೆ, ಹತ್ತಿರ ಹೋದಾಗ ಜೋಳದ ಜೊತೆ ಸುಣ್ಣದ ಸಣ್ಣ ವಾಸನೆ ಬಂದರೆ ಅಲ್ಲೇ ಕುಳಿತುಕೊಳ್ಳಿ. ನಮ್ಮ ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುವ ಗರಿಗರಿ ಟಾಕೊ ಚಿಪ್ಪು ತಿಂದು ಮೆಕ್ಸಿಕೊದ ರುಚಿಯನ್ನು ಅಳೆಯಬೇಡಿ. ಆ ಪೊಟ್ಟಣಕ್ಕೆ ದುಡ್ಡು ಹಾಕುವುದೇ ದಂಡ.

3. ಕೇಳುವುದು. ಎಡವುವುದು ಇಲ್ಲಿಯೇ, ಅದಕ್ಕೆ ಸಾವಕಾಶ ಓದಿ. 'ಸಿನ್ ಕಾರ್ನೆ' ಎಂದರೆ ಮಾಂಸವಿಲ್ಲದೆ ಎಂದು ಅರ್ಥ. ಆದರೆ ಕಾರ್ನೆ ಎಂದಾಗ ಬಹಳ ಜನರ ಮನಸ್ಸಿಗೆ ಬರುವುದು ದನ, ಹಂದಿಯ ಮಾಂಸ. ಕೋಳಿ, ಮೀನು, ಹ್ಯಾಮ್ ಆ ಲೆಕ್ಕಕ್ಕೆ ಬರದೆ ತಟ್ಟೆಗೆ ಬಂದುಬಿಡಬಹುದು. ಹಾಗಾಗಿ ಹೆಸರು ಹಿಡಿದೇ ಹೇಳಿ: 'ಸಿನ್ ಪೋಯೋ' ಎಂದರೆ ಕೋಳಿ ಬೇಡ, 'ಸಿನ್ ಪೆಸ್ಕಾದೊ' ಎಂದರೆ ಮೀನು ಬೇಡ, 'ಸಿನ್ ಹಮೋನ್' ಎಂದರೆ ಹ್ಯಾಮ್ ಬೇಡ.

ಕಣ್ಣಿಗೆ ಕಾಣದ್ದು ಇನ್ನೆರಡಿವೆ. ಮೊದಲನೆಯದು ಮಾಂತೇಕಾ, ಅಂದರೆ ಹಂದಿ ಕೊಬ್ಬು. ಬೇಯಿಸಿ ಮಸೆದ ಹುರುಳಿಕಾಯಿ ಬೀಜಕ್ಕೆ, ತಮಾಲ್ ಎನ್ನುವ ಹಬೆಯ ಕಡುಬಿನ ಹಿಟ್ಟಿಗೆ, ಉತ್ತರದ ಕಡೆಯ ಗೋಧಿ ತೋರ್ತಿಯಾಕ್ಕೆ ಇದನ್ನು ಹಾಕುವುದು ರೂಢಿ. ಸಿಹಿ ತಮಾಲಿನಲ್ಲೂ ಇರಬಹುದು. ಬೆಣ್ಣೆಗೆ ಮಾಂತೆಕೀಯಾ ಎನ್ನುತ್ತಾರೆ. ಎರಡು ಹೆಸರೂ ಕಿವಿಗೆ ಒಂದೇ ಥರ ಕೇಳಿಸುತ್ತವೆ, ಬೆಣ್ಣೆಯಿರಬೇಕೆಂದು ಒಪ್ಪಿಕೊಂಡು ತಿಂದವರಿದ್ದಾರೆ. ಎರಡನೆಯದು 'ಕಾಲ್ದೊ ದೆ ಪೋಯೋ', ಕೋಳಿ ಬೇಯಿಸಿದ ನೀರು. ಕೆಂಪು ಅನ್ನ, ಸೂಪು, ಮೋಲೆ ಎನ್ನುವ ಮಸಾಲೆ ಗೊಜ್ಜು, ಮೂರರಲ್ಲೂ ಸಾಮಾನ್ಯವಾಗಿ ಅದೇ ಇರುತ್ತದೆ. 'ಯೇವಾ ಮಾಂತೇಕಾ?' 'ಯೇವಾ ಕಾಲ್ದೊ ದೆ ಪೋಯೋ?' ಈ ಎರಡು ಪ್ರಶ್ನೆ ಬಾಯಿಪಾಠ ಮಾಡಿಕೊಳ್ಳಿ. ಇದು ಹಾಕಿದ್ದೀರಾ ಎಂದಷ್ಟೇ ಅರ್ಥ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ವಾಹಾಕಾ ಪ್ರಾಂತ್ಯಕ್ಕೆ ಹೋದರೆ ಇನ್ನೊಂದು ಮಾತು ಬೇಕು. ಅಲ್ಲಿನ ಸಂತೆಯಲ್ಲಿ ಮೆಮೆಲಾ ಮಾಡುವ ಹೆಂಗಸು ದಪ್ಪ ರೊಟ್ಟಿಯನ್ನು ಕಾವಲಿಯಿಂದ ತೆಗೆದು, ಬಿಸಿ ಇರುವಾಗಲೇ ಬರಿಗೈಯಲ್ಲಿ ಅಂಚು ಚಿವುಟಿ ಕಟ್ಟೆ ಕಟ್ಟುತ್ತಾಳೆ. ಮರುಕ್ಷಣ ಪಕ್ಕದ ಬಟ್ಟಲಿನ ಕಂದು ಬಣ್ಣದ ಮುದ್ದೆಯನ್ನು ಚಮಚದ ಬೆನ್ನಿನಿಂದ ಸವರಿಬಿಡುತ್ತಾಳೆ. ಅದೇ ಆಸಿಯೆಂತೊ, ಹಂದಿ ಕೊಬ್ಬು ಕಾಯಿಸಿದಾಗ ತಳದಲ್ಲಿ ಉಳಿಯುವ ಗಸಿ. ಚಮಚ ಏಳುವ ಮುಂಚೆ 'ಸಿನ್ ಆಸಿಯೆಂತೊ' ಎನ್ನಬೇಕು. ಮೆಸ್ಕಾಲ್ ಎನ್ನುವ ಮದ್ಯದ ಜೊತೆ ಕೊಡುವ ಕಿತ್ತಳೆ ಹೋಳಿನ ಮೇಲಿನ ಕೆಂಪು ಉಪ್ಪಿನಲ್ಲೂ ಹುರಿದು ಪುಡಿ ಮಾಡಿದ ಹುಳು ಸೇರಿರುತ್ತದೆ.

ಇಷ್ಟು ಕೇಳಿಕೊಂಡರೆ ಸಸ್ಯಾಹಾರಿಗಳಿಗೆ ಬೇಕಾದಷ್ಟಿದೆ. ಕುಂಬಳ ಹೂವು ತುಂಬಿ ಮಡಚಿದ ತೋರ್ತಿಯಾ, ಅಂದರೆ ಕೆಸಾದಿಯಾ. ಪಾಪಸುಕಳ್ಳಿಯ ಎಲೆಯಂಥ ಹೋಳುಗಳ ಮುಳ್ಳು ಹೆರೆದು ಮಾಡುವ ನೊಪಾಲೆಸ್, ಬೆಂಡೆಯಂತೆ ಲೋಳೆ, ತುಸು ಹುಳಿ. ಜೋಳದ ತೆನೆಯಲ್ಲಿ ಬೆಳೆಯುವ ಕಪ್ಪು ಬೂಷ್ಟು ವಿತ್ಲಕೋಚೆಯನ್ನೂ ಬಿಡಬೇಡಿ, ಅಣಬೆಗಿಂತ ರುಚಿ. ನನಗೆ ಎಲ್ಲಕ್ಕಿಂತ ಇಷ್ಟ ತ್ಲಕೋಯೊ: ನೀಲಿ ಜೋಳದ ಹಿಟ್ಟಿನೊಳಗೆ ಕಾಳಿನ ಹೂರಣ ತುಂಬಿ ಒಣ ಕಾವಲಿಯ ಮೇಲೆ ಬೇಯಿಸಿದ್ದು. ಹೂರಣಕ್ಕೆ ಮಾಂತೇಕಾ ಬಿದ್ದಿದೆಯೇ ಎಂಬುದನ್ನಷ್ಟೇ ಕೇಳಿಕೊಳ್ಳಿ. ಮೆಕ್ಸಿಕೊ ಸಿಟಿಯಲ್ಲಿ ಕೆಸಾದಿಯಾ ಹೇಳುವಾಗ 'ಕೋನ್ ಕೇಸೊ' ಎನ್ನಿ, ಇಲ್ಲದಿದ್ದರೆ ಅಲ್ಲಿ ಚೀಸ್ ಹಾಕದೆಯೂ ಕೊಡುತ್ತಾರೆ.

4. ಸಾಲ್ಸಾ (ಅವರ ಖಾರದ ಚಟ್ನಿ) ಸುರಿಯಬೇಡಿ, ತೊಟ್ಟಿಕ್ಕಿ ನೋಡಿ. "ನಾವು ಗುಂಟೂರು ಮೆಣಸಿನಕಾಯಿ ತಿಂದವರು" ಎಂದು ಮೊದಲ ಟಾಕೊಗೇ ಮೂರು ಚಮಚ ಹಾಕಿಕೊಂಡು ಕಣ್ಣೀರು ಸುರಿಸಿದ ಸಹೋದ್ಯೋಗಿಗೆ ಆ ರಾತ್ರಿ ನಾಲಿಗೆಯಲ್ಲಿ ಬೇರೆ ಯಾವ ರುಚಿಯೂ ನಿಲ್ಲಲಿಲ್ಲ. ಬಣ್ಣ ನೋಡಿ ಖಾರ ಹೇಳಲಾಗದು. ಹಸಿರು ಸಾಲ್ಸಾ ಎಷ್ಟೋ ಸಲ ಕೆಂಪಿಗಿಂತ ಜೋರು. ಯುಕಾತಾನ್ ಕಡೆಯ ಹಬನೇರೊ ಮೆಣಸಿನಕಾಯಿ ಹಣ್ಣಿನ ಪರಿಮಳ ಬೀರಿಕೊಂಡೇ ಸುಡುತ್ತದೆ. ಬ್ಯಾಡಗಿ ಗೊತ್ತಿರುವ ನಮಗೆ ಇದು ಅರ್ಥವಾಗಬೇಕು: ಅವರ ಗ್ವಾಹೀಯೊ ಕೂಡ ಬ್ಯಾಡಗಿಯಂತೆ ಬಣ್ಣಕ್ಕೆ, ಘಮಕ್ಕೆ ಹಾಕುವ ಮೆಣಸಿನಕಾಯಿ, ಆರ್ಬೋಲ್ ಖಾರಕ್ಕೆ. ಒಣಗಿದ ಮೇಲೆ ಹೆಸರೂ ಬದಲಾಗುತ್ತದೆ. ಪೊಬ್ಲಾನೊ ಒಣಗಿದರೆ ಆಂಚೊ, ಹಲಪೇನ್ಯೊ ಹೊಗೆಯಲ್ಲಿ ಒಣಗಿದರೆ ಚಿಪೋತ್ಲೆ. ಪೋರ್ಚುಗೀಸರ ಹಡಗಿನಲ್ಲಿ ನಮ್ಮಲ್ಲಿಗೆ ಬಂದ ಮೆಣಸಿನಕಾಯಿಯ ತವರುಮನೆ ಇದು. 'ಕ್ವಾಲ್ ಪೀಕಾ ಮಾಸ್?' (ಯಾವುದು ಹೆಚ್ಚು ಖಾರ?) ಎಂದು ಕೇಳಿ, ತೋರ್ತಿಯಾ ಚೂರಿಗೆ ಒಂದು ಹನಿ ಹಾಕಿ ನೋಡಿ, ಆಮೇಲೆ ಬಡಿಸಿಕೊಳ್ಳಿ. ನಿಂಬೆ ಮಾತ್ರ ಧಾರಾಳವಾಗಿ ಹಿಂಡಿ.

5. ತಿನ್ನುವುದು. ಕೈಯಲ್ಲೇ ತಿನ್ನಿ, ಫೋರ್ಕ್ ಬೇಡ. ಟಾಕೊ ಮಡಚಿ ಮೂರು ಬೆರಳಲ್ಲಿ ಹಿಡಿದು, ತಲೆ ವಾಲಿಸಿ ಕಚ್ಚಿ. ತಣ್ಣಗಾಗುವ ಮುಂಚೆ ಮುಗಿಸಿ, ಎರಡೆರಡೇ ಹೇಳಿ.

6. ಕುಡಿಯಲು. ಬಾಟಲಿ ಕೋಲಾ ಬಿಡಿ. ಪುಂಡಿ ಜಾತಿಯ ಗಿಡದ ಹೂವಿನ ಬುಡದ ಕೆಂಪು ಕವಚ ನೆನೆಸಿ ಮಾಡುವ 'ಆಗ್ವಾ ದೆ ಹಮಾಯ್ಕಾ' ಕುಡಿಯಿರಿ. ಹುಣಸೆಯದೂ ಸಿಗುತ್ತದೆ. ನೀರು ಶುದ್ಧೀಕರಿಸಿದ್ದೇ ಎಂದು ಕೇಳಿಕೊಳ್ಳಿ. ನಲ್ಲಿ ನೀರು ಬೇಡವೇ ಬೇಡ.

7. ಬಿಲ್ಲು. ಊಟವಾಯಿತೆಂದು ಯಾರೂ ತಾವಾಗಿ ಬಿಲ್ಲು ತರುವುದಿಲ್ಲ, ಎದ್ದು ಹೋಗಿ ಎಂದಂತೆ ಆಗುತ್ತದೆಂದು ಅವರ ಭಾವನೆ. 'ಲಾ ಕ್ವೆಂತಾ, ಪೋರ್ ಫಾವೋರ್' ಎಂದು ನೀವೇ ಕೇಳಿ. ಹೋಟೆಲಿನಲ್ಲಿ ನೂರಕ್ಕೆ 10ರಿಂದ 15ರಷ್ಟು ಟಿಪ್ಸ್ ಇಡಿ. ಹೊರಡುವಾಗ ಪಕ್ಕದ ಮೇಜಿನಲ್ಲಿ ಇನ್ನೂ ಊಟ ಮಾಡುತ್ತಿರುವವರಿಗೆ, ಗುರುತಿಲ್ಲದಿದ್ದರೂ, 'ಪ್ರೊವೇಚೊ' ಎನ್ನಿ. ಬಾಯಲ್ಲಿ ತುತ್ತಿದ್ದರೂ ತಲೆಯೆತ್ತಿ 'ಗ್ರಾಸಿಯಾಸ್' ಎನ್ನುತ್ತಾರೆ.